ಸಾಲಕ್ಕೆ ಹೋದ ಬಂಗಲೆ, ಈಗ ನಮ್ಮೆಲ್ಲರದು

ಅಜ್ಜ ಅಜ್ಜಿಯರೇ, ಈ ರಜೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಒಂದು ಹಳೇ ಬಂಗಲೆ ನೋಡಿ ಬನ್ನಿ. ಗುಬ್ಬಿ, ತುಮಕೂರಿನವರು ಅರಸೀಕೆರೆ ಕಡೆಯ ರೈಲು, ಕುಣಿಗಲ್‌ನವರು ಹಾಸನದ ರೈಲು ಹತ್ತಿ ಬೆಂಗಳೂರಿಗೆ ಬನ್ನಿ. ಅರಮನೆ ರಸ್ತೆಯಲ್ಲಿದೆ ಮಾಣಿಕ್ಯವೇಲು ಬಂಗಲೆ.

ಮೈಸೂರಿನ ಯುವರಾಜರಿಂದ ಇದನ್ನು ಕೊಂಡ ಮಾಣಿಕ್ಯವೇಲು ಮುದಲಿಯಾರ್ ಗಣಿ ಉದ್ಯಮಿ. ಮ್ಯಾಂಗನೀಸ್, ಕ್ರೋಮಿಯಂ ಅದಿರು ತೆಗೆಸುತ್ತಿದ್ದರು. ಆಮೇಲೆ ನಷ್ಟವಾಯಿತು, ಬ್ಯಾಂಕಿನ ಸಾಲ ತೀರಲಿಲ್ಲ, ಮನೆ ಹರಾಜಾಯಿತು. ಅವರು ಗೇಟು ದಾಟಿ ಹೊರಟ ದಿನ ಹೇಗಿತ್ತೋ, ಪಾಪ! ಸರ್ಕಾರದ ಕೈ ಸೇರಿದ ಬಂಗಲೆ 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಎಲ್ಲರಿಗೂ ಬಾಗಿಲು ತೆರೆಯಿತು. ದಿಲ್ಲಿಯಲ್ಲಿ 1954ರಲ್ಲಿ ಶುರುವಾದ ಮೊದಲ ಗ್ಯಾಲರಿ ಇರುವುದೂ ಇಂಥದೇ ದೊಡ್ಡ ಮನೆಯಲ್ಲಿ, ಜೈಪುರ ಹೌಸ್‌ನಲ್ಲಿ.

ಮಕ್ಕಳೇ, ಒಳಗೆ ಚಿತ್ರಗಳ ಜೊತೆ ಮನೆಯನ್ನೂ ನೋಡಿ. ನಡುಮನೆ ಯಾವುದಿದ್ದೀತು, ಮಲಗುವ ಕೋಣೆ ಯಾವುದು? ಅಜ್ಜನ ಜೊತೆ ಪಂತ ಕಟ್ಟಿ. ಚಿತ್ರಗಳನ್ನು ಮಾತ್ರ ಮುಟ್ಟಬೇಡಿ.

ಪಕ್ಕದಲ್ಲಿ ಹೊಸ ಕಟ್ಟಡ ಎದ್ದರೂ ದೊಡ್ಡ ಮರಗಳು ಉಳಿದಿವೆ. ನನಗೆ ಚಿತ್ರಗಳಷ್ಟೇ ಇಷ್ಟವಾದದ್ದು ಆ ನೆರಳು. ಕಾಲು ನೋಯುವ ಅಜ್ಜಿ ಅಲ್ಲಿ ಕೂರಲಿ. ಕಾಫಿ, ಟೀಗೆ ಆವರಣದಲ್ಲೇ ಕೆಫೆ ಇದೆ. ಸೋಮವಾರ ಹೋಗಬೇಡಿ, ರಜೆ.