ವಿಕ್ಟೋರಿಯಾ ಅಜ್ಜಿಯ ಮೊಮ್ಮಗ, ಮೈಸೂರಿನ ಕುದುರೆ ಸವಾರರು

ನಮ್ಮ ಬ್ರೂಕ್‌ಫೀಲ್ಡಿನಲ್ಲಿ ಈಗ ಜರ್ಮನಿ ಎಂದರೆ ಆಫೀಸಿನ ಮಾತು. ಒಬ್ಬರ ಮಗ ಜರ್ಮನ್ ಕಂಪನಿಯಲ್ಲಿ ಎಂಜಿನಿಯರ್, ಇನ್ನೊಬ್ಬರ ಮೊಮ್ಮಗಳು ಶಾಲೆಯಲ್ಲಿ ಜರ್ಮನ್ ಕಲಿಯುತ್ತಾಳೆ. ನೂರು ವರ್ಷಗಳ ಹಿಂದೆ ಬೆಂಗಳೂರಿಗೆ ಜರ್ಮನಿ ಎಂದರೆ ಯುದ್ಧದ ಸುದ್ದಿ. ಆಗ ಅಲ್ಲಿನ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್. ಚಕ್ರವರ್ತಿಯನ್ನು ಜರ್ಮನ್ನರು ‘ಕೈಸರ್’ ಎನ್ನುತ್ತಾರೆ. ಮಕ್ಕಳೇ, ಈ ಕೈಸರನೂ ಒಬ್ಬ ಅಜ್ಜಿಯ ಮುದ್ದಿನ ಮೊಮ್ಮಗನೇ!

ಆ ಅಜ್ಜಿ ಬೇರೆ ಯಾರೂ ಅಲ್ಲ, ಭಾರತವನ್ನೂ ಆಳುತ್ತಿದ್ದ ವಿಕ್ಟೋರಿಯಾ ರಾಣಿ. ಅವಳ ಮೊಮ್ಮಕ್ಕಳಲ್ಲಿ ಇವನೇ ಮೊದಲನೆಯವನು. ಹುಟ್ಟಿದ್ದು 1859ರ ಜನವರಿ 27ರಂದು, ಬರ್ಲಿನ್ನಿನಲ್ಲಿ. ಹೆರಿಗೆ ಕಷ್ಟವಾಗಿ ಮಗುವಿನ ಎಡಗೈಗೆ ಪೆಟ್ಟಾಯಿತು. ಆ ಕೈ ಕೊನೆಯವರೆಗೂ ಗಿಡ್ಡವಾಗಿ, ಬಲವಿಲ್ಲದೆ ಉಳಿಯಿತು. ಬಿದ್ದು ಎದ್ದು ಕುದುರೆ ಸವಾರಿಯನ್ನೇನೋ ಕಲಿತ. ಆದರೆ ಫೋಟೋ ತೆಗೆಸುವಾಗ ಮಾತ್ರ ಆ ಕೈ ಎದ್ದು ಕಾಣದಂತೆ ನಿಲ್ಲುತ್ತಿದ್ದ.

1888ರ ಮಾರ್ಚಿನಲ್ಲಿ ತಾತ ತೀರಿಕೊಂಡರು. ಗಂಟಲಿನ ಕ್ಯಾನ್ಸರಿನಿಂದ ನರಳುತ್ತಿದ್ದ ತಂದೆ 99 ದಿನ ಮಾತ್ರ ಆಳಿದರು. ಹೀಗೆ 29ನೇ ವಯಸ್ಸಿಗೇ ವಿಲ್‌ಹೆಲ್ಮ್ ಪಟ್ಟಕ್ಕೆ ಬಂದ. ಎರಡೇ ವರ್ಷಗಳಲ್ಲಿ, ಜರ್ಮನಿಯನ್ನು ಒಂದುಗೂಡಿಸಿದ ಹಿರಿಯ ಮಂತ್ರಿ ಬಿಸ್ಮಾರ್ಕನನ್ನು ಮನೆಗೆ ಕಳುಹಿಸಿದ. ಅಜ್ಜಿಯ ದೇಶಕ್ಕಿರುವಂಥ ನೌಕಾಪಡೆ ತನಗೂ ಬೇಕೆಂದು ಯುದ್ಧದ ಹಡಗುಗಳನ್ನು ಕಟ್ಟಿಸಿದ. ಆದರೂ 1901ರಲ್ಲಿ ಅಜ್ಜಿ ಸಾಯುವ ಸ್ಥಿತಿಯಲ್ಲಿದ್ದಾಳೆಂದು ತಿಳಿದಾಗ ಓಡಿಬಂದು ಅವಳ ಹಾಸಿಗೆಯ ಪಕ್ಕದಲ್ಲೇ ಇದ್ದ.

ಅಜ್ಜಿ ಹೋದ ಮೇಲೆ ಬಂಧುಗಳ ಪೈಪೋಟಿ ಹೆಚ್ಚಿತು. ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಇವನಿಗೆ ಸೋದರಮಾವನ ಮಗ. ರಷ್ಯಾದ ದೊರೆ ನಿಕೋಲಸ್ ಚಿಕ್ಕಮ್ಮನ ಮಗಳ ಗಂಡ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ಈ ನೆಂಟರೇ ಎದುರುಬದುರು ನಿಂತರು. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ಗೊತ್ತಲ್ಲ? ದೊರೆಗಳ ಜಗಳದಲ್ಲಿ ಬಡವಾದವರು ಊರೂರಿನ ಹುಡುಗರು.

ನಮ್ಮ ಹುಡುಗರೂ ಹೋದರು. ಆಗ ಮೈಸೂರು ಸಂಸ್ಥಾನದ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು. ಸಂಸ್ಥಾನ ಬ್ರಿಟಿಷರ ಅಧೀನದಲ್ಲಿದ್ದುದರಿಂದ ‘ಮೈಸೂರು ಲ್ಯಾನ್ಸರ್ಸ್’ ಎಂಬ ಕುದುರೆ ದಳ ಹಡಗು ಹತ್ತಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. ಅಲ್ಲಿಂದ ಪ್ಯಾಲೆಸ್ಟೈನಿಗೆ ನಡೆಯಿತು.

ಅಲ್ಲಿನ ಹೈಫಾ ಎಂಬ ಬಂದರಿನಲ್ಲಿ ಜರ್ಮನ್ನರ ಬಡಾವಣೆಯೇ ಇತ್ತು. 1898ರಲ್ಲಿ ಕೈಸರ್ ವೈಭವದಿಂದ ಬಂದಿಳಿದಿದ್ದ ಊರು ಅದು. ಇಪ್ಪತ್ತು ವರ್ಷಗಳ ನಂತರ, 1918ರ ಸೆಪ್ಟೆಂಬರ್ 23ರಂದು, ಅದೇ ಊರಿನ ಮೇಲೆ ಮೈಸೂರು ಮತ್ತು ಜೋಧಪುರದ ಸವಾರರು ಈಟಿ ಹಿಡಿದು ನುಗ್ಗಿದರು. ಎದುರಿಗೆ ಕೈಸರನ ಗೆಳೆಯರಾದ ತುರ್ಕರ ಮೆಷಿನ್ ಗನ್‌ಗಳು, ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು. ಮೈಸೂರಿನವರ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದಿತು. ಸಂಜೆಯೊಳಗೆ ಊರು ಕೈಸೇರಿತು. ಸಾವಿರಕ್ಕೂ ಹೆಚ್ಚು ಶತ್ರುಗಳು ಸೆರೆಸಿಕ್ಕರು. ನಮ್ಮ ಕಡೆ 8 ಸವಾರರು, 60 ಕುದುರೆಗಳು ಪ್ರಾಣ ಕಳೆದುಕೊಂಡವು.

ಒಂದೂವರೆ ತಿಂಗಳಿಗೆ, ನವೆಂಬರ್ 9ರಂದು, ಕೈಸರನ ಆಳ್ವಿಕೆ ಮುಗಿಯಿತು. ಮರುದಿನವೇ ಅವನು ನೆದರ್‌ಲ್ಯಾಂಡ್ಸ್‌ಗೆ ಓಡಿಹೋದ. ಅಲ್ಲಿನ ಡೂರ್ನ್ ಎಂಬ ಊರಿನಲ್ಲಿ ಸೌದೆ ಒಡೆಯುತ್ತಾ ಕಾಲ ಕಳೆದು, 1941ರ ಜೂನ್ 4ರಂದು ತೀರಿಕೊಂಡ. ಜರ್ಮನಿಗೆ ಮರಳಲೇ ಇಲ್ಲ.

ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಅಷ್ಟು ದೂರವೇಕೆ, ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅಜ್ಜ ಅಜ್ಜಿಯರೇ, ಒಂದು ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಕೈಸರನ ಹೆಸರು ಪಠ್ಯಪುಸ್ತಕದಲ್ಲಿ ಹೇಗೂ ಸಿಗುತ್ತದೆ. ಮನೆಗೆ ಮರಳದ ನಮ್ಮ ಸವಾರರನ್ನು ನೆನೆಯಲು ನಾವೇ ಅಲ್ಲಿಗೆ ಹೋಗಬೇಕು.