ಜಂತುಹುಳು ಬಾಧೆ ಮತ್ತು ದುಡಿಯುವವರ ಕಾರ್ಯಕ್ಷಮತೆ: ಸಂಶೋಧನೆಗಳು ತಿಳಿಸುವುದೇನು?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ತುಂಗಭದ್ರಾ ಕಾಲುವೆಗಳ ನೀರಿನಿಂದ ಭತ್ತ, ಹತ್ತಿ ಹಾಗೂ ಮೆಣಸಿನಕಾಯಿ ಬೆಳೆಯಲಾಗುತ್ತಿದೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಉಡುಪುಗಳ ಹೊಲಿಗೆ ಘಟಕಗಳು ಅನೇಕ ಕುಟುಂಬಗಳಿಗೆ ಆಧಾರವಾಗಿವೆ. ನಾಟಿಯ ಗುತ್ತಿಗೆಯಾಗಲಿ, ಹೊಲಿಗೆಯಾಗಲಿ, ಮಾಡಿದ ಕೆಲಸದ ಅಳತೆಗೆ ತಕ್ಕಂತೆ ಕೂಲಿ ದೊರೆಯುವಲ್ಲಿ ದೇಹದ ಆಯಾಸವೆಂದರೆ ಆದಾಯದ ನಷ್ಟವೇ ಆಗಿರುತ್ತದೆ. ಈ ಆಯಾಸದ ಕಾರಣಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಎರಡು ಶಾಸ್ತ್ರಗಳು, ಒಂದೇ ಪ್ರಶ್ನೆ

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಎ.ಕೆ. ಶ್ರೀವಾಸ್ತವ ಮತ್ತು ಎ.ಪಿ. ಸಿಂಗ್ ಅವರು 1981ರಲ್ಲಿ ಉದ್ಯೋಗದ ಒತ್ತಡವನ್ನು ಅಳೆಯಲು 46 ಹೇಳಿಕೆಗಳ ಮಾಪಕವೊಂದನ್ನು ರೂಪಿಸಿದರು. ಕೆಲಸದ ಹೊರೆ, ಹೊಣೆಯ ಅಸ್ಪಷ್ಟತೆ, ಸಹೋದ್ಯೋಗಿಗಳೊಡನೆ ಹೊಂದಾಣಿಕೆಯ ಕೊರತೆ, ಕಷ್ಟಕರವಾದ ಕೆಲಸದ ಪರಿಸ್ಥಿತಿ ಮೊದಲಾದವು ಇದರಲ್ಲಿ ಸೇರಿವೆ. ದುಡಿಯುವವರ ಉತ್ಸಾಹ ಕುಂದಲು ಅವರ ಸ್ವಭಾವವೊಂದೇ ಕಾರಣವಲ್ಲವೆಂಬುದನ್ನು ಇಂತಹ ಅಧ್ಯಯನಗಳು ಮನಗಾಣಿಸಿವೆ.

ಪರಾವಲಂಬಿ ಜೀವಿಗಳ ಅಧ್ಯಯನವು ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ತಿಳಿಸುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಕೃಷಿಕರನ್ನು ಸೋಮಾರಿಗಳೆಂದು ಜರಿಯಲಾಗುತ್ತಿತ್ತು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಅವರು ಅಲ್ಲಿನ ಕೊಕ್ಕೆಹುಳುವನ್ನು ಗುರುತಿಸಿದರು. 1909ರಿಂದ 1914ರವರೆಗೆ ರಾಕ್‌ಫೆಲರ್ ನೈರ್ಮಲ್ಯ ಆಯೋಗವು 11 ರಾಜ್ಯಗಳಲ್ಲಿ ನಡೆಸಿದ ತಪಾಸಣೆಯಲ್ಲಿ ಪರೀಕ್ಷಿಸಲಾದ ಮಕ್ಕಳ ಪೈಕಿ ಶೇಕಡಾ 40ರಷ್ಟು ಮಂದಿಯಲ್ಲಿ ಈ ಹುಳು ಕಂಡುಬಂದಿತು. ಸೋಮಾರಿತನವೆಂದು ಕರೆಯಲಾಗಿದ್ದುದರ ಹಿಂದೆ ರಕ್ತಹೀನತೆಯೂ ಇತ್ತು.

ಹುಳು ದೇಹ ಸೇರುವ ಬಗೆ

ಬಯಲು ಶೌಚದಿಂದ ಮಣ್ಣು ಸೇರಿದ ಕೊಕ್ಕೆಹುಳುವಿನ ಮೊಟ್ಟೆಗಳು ತೇವ ಮತ್ತು ನೆರಳಿರುವಲ್ಲಿ ಒಡೆದು ಮರಿಗಳಾಗುತ್ತವೆ. ಸುಮಾರು 5ರಿಂದ 10 ದಿನಗಳಲ್ಲಿ ಅವು ಬರಿಗಾಲಿನ ಚರ್ಮದ ಮೂಲಕ ದೇಹ ಸೇರಲು ಸಮರ್ಥವಾಗುತ್ತವೆ. ಕಾಲುವೆ ದಂಡೆ ಹಾಗೂ ಗದ್ದೆಯ ಬದುಗಳಲ್ಲಿ ಶೌಚಕ್ಕೆ ಹೋಗುವುದು ಈ ಕಾರಣದಿಂದ ಅಪಾಯಕಾರಿ. ಕರುಳಿನಲ್ಲಿ ನೆಲೆಸಿದ ಹುಳುಗಳು ರಕ್ತ ಹೀರುತ್ತವೆ. ಹುಳುಗಳು ಹೆಚ್ಚಿದ್ದಲ್ಲಿ ದೇಹದ ಕಬ್ಬಿಣಾಂಶ ಕ್ರಮೇಣ ಬರಿದಾಗುತ್ತದೆ. ಇಂಡೋನೇಷ್ಯಾದ ರಬ್ಬರ್ ತೋಟಗಳ ಕೂಲಿಗಾರರ ಕುರಿತು 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತಹೀನತೆಯಿದ್ದವರಿಗೆ 60 ದಿನಗಳ ಕಾಲ ಕಬ್ಬಿಣಾಂಶ ನೀಡಿದ ನಂತರ ಅವರ ದುಡಿಮೆಯ ಪ್ರಮಾಣ ಹೆಚ್ಚಿತು.

ಗಿಡಮೂಲಿಕೆಗಳ ಸ್ಥಾನ

ವಾಯುವಿಳಂಗ ಮತ್ತು ಮುತ್ತುಗದ ಬೀಜಗಳನ್ನು ಆಯುರ್ವೇದದಲ್ಲಿ ಕ್ರಿಮಿನಾಶಕಗಳೆಂದು ಹೇಳಲಾಗಿದೆ. ಓಮದಲ್ಲಿರುವ ಥೈಮಾಲ್ ಎಂಬ ಅಂಶವು 20ನೇ ಶತಮಾನದ ಆರಂಭದಲ್ಲಿ ಕೊಕ್ಕೆಹುಳುವಿಗೆ ಪ್ರಮುಖ ಔಷಧವಾಗಿತ್ತು. ಆದರೆ ಹುಳುವಿಗೆ ಬೇಕಾದ ಪ್ರಮಾಣವು ರೋಗಿಗೂ ತೊಂದರೆ ಉಂಟುಮಾಡುತ್ತಿದ್ದುದರಿಂದ ಅದನ್ನು ಕೈಬಿಡಲಾಯಿತು. 2007ರಲ್ಲಿ ಪ್ರಕಟವಾದ ನೈಜೀರಿಯಾದ ಅಧ್ಯಯನವೊಂದರಲ್ಲಿ ಪಪ್ಪಾಯಿ ಬೀಜದ ಪುಡಿ ಮತ್ತು ಜೇನುತುಪ್ಪ ಸೇವಿಸಿದ 30 ಮಕ್ಕಳ ಪೈಕಿ 23 ಮಕ್ಕಳ ಮಲದಲ್ಲಿ ಪರಾವಲಂಬಿಗಳು ಕಾಣದಾದವು. ಇದು ಆಶಾದಾಯಕವಾದರೂ ಸಣ್ಣ ಅಧ್ಯಯನವಾಗಿದ್ದು, ಇದನ್ನೇ ಚಿಕಿತ್ಸೆಯೆಂದು ಭಾವಿಸುವಂತಿಲ್ಲ.

ನೈಸರ್ಗಿಕ ಮೂಲದ ಔಷಧಗಳನ್ನು ವಿಜ್ಞಾನ ಕಡೆಗಣಿಸಿಲ್ಲ. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಅನ್ನು ಗಿಡದಿಂದ ಬೇರ್ಪಡಿಸಿದ ತು ಯೂಯೂ ಅವರಿಗೂ, ಮಣ್ಣಿನ ಸೂಕ್ಷ್ಮಜೀವಿಯಿಂದ ಹುಳುನಾಶಕ ಕಂಡುಹಿಡಿದ ಸತೋಶಿ ಓಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರ ನೊಬೆಲ್ ಪ್ರಶಸ್ತಿ ಸಂದಿತು. ಅಂಶವನ್ನು ಬೇರ್ಪಡಿಸಿ, ಪ್ರಮಾಣವನ್ನು ನಿಗದಿಪಡಿಸಿ, ಪರೀಕ್ಷಿಸಿದ ನಂತರವೇ ಅವು ಔಷಧಗಳೆನಿಸಿದವು. ಮನೆಯಲ್ಲಿ ಕಾಯಿಸಿದ ಕಷಾಯಕ್ಕೆ ಈ ನಿಖರತೆ ಇರುವುದಿಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು 2015ರಿಂದ ಆಚರಿಸಲಾಗುತ್ತಿದ್ದು, 1ರಿಂದ 19 ವರ್ಷದವರಿಗೆ ಶಾಲೆ ಹಾಗೂ ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. 2 ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಂನ ಒಂದು ಮಾತ್ರೆ. 1ರಿಂದ 2 ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ.
2. ಈ ದಿನದ ವ್ಯಾಪ್ತಿಗೆ ಬಾರದ ವಯಸ್ಕ ಕೂಲಿಕಾರರು ದೀರ್ಘಕಾಲದ ಆಯಾಸ, ಉಬ್ಬಸ ಅಥವಾ ಮುಖ ಬಿಳಿಚಿಕೊಳ್ಳುವಿಕೆ ಕಂಡುಬಂದಲ್ಲಿ ರಕ್ತ ಮತ್ತು ಮಲ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.
3. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನಾಗಲಿ ಗಿಡಮೂಲಿಕೆಯನ್ನಾಗಲಿ ಸೇವಿಸಬಾರದು.
4. ಶೌಚಾಲಯ ಮತ್ತು ಪಾದರಕ್ಷೆ ಬಳಸದಿದ್ದಲ್ಲಿ ಚಿಕಿತ್ಸೆಯ ನಂತರವೂ ಹುಳು ಮರಳಿ ಸೇರುತ್ತದೆ.
5. ಕೆಲಸದಲ್ಲಿ ಹಿಂದೆ ಬಿದ್ದವರನ್ನು ಮಾಲೀಕರು ಹಾಗೂ ಮೇಸ್ತ್ರಿಗಳು ತೆಗೆದುಹಾಕುವ ಮುನ್ನ ಆರೋಗ್ಯ ತಪಾಸಣೆಗೆ ಕಳುಹಿಸುವುದು ಸೂಕ್ತ. ಪಳಗಿದ ಕೈಯನ್ನು ಕಳೆದುಕೊಳ್ಳುವುದಕ್ಕಿಂತ ಅರ್ಧ ದಿನದ ರಜೆಯ ವೆಚ್ಚ ಕಡಿಮೆ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದಾಗಿದೆ.