ಫೋಟೊದಲ್ಲಿ ಕಪ್ಪು, ಕಣ್ಣಿಗೆ ನೇರಳೆ

ಕುದುರೆಮುಖ ಬೆಟ್ಟದ ಫೋಟೊ ಮುಂದಿಟ್ಟುಕೊಂಡು ಹಾಗೇ ಬಣ್ಣ ಹಚ್ಚಿದರೆ ಚಿತ್ರ ಸಪ್ಪೆ. ಯಾಕೆ? ಕ್ಯಾಮೆರಾ ದಟ್ಟ ನೆರಳನ್ನು ಬರೀ ಕಪ್ಪಾಗಿಸಿಬಿಡುತ್ತೆ. ಅಲ್ಲೇ ನಿಂತು ನೋಡಿ, ಅದೇ ನೆರಳಲ್ಲಿ ನೀಲಿ, ನೇರಳೆ, ಕೆಮ್ಮಣ್ಣಿನ ಛಾಯೆ ಎಲ್ಲಾ ಇರುತ್ತೆ. ಅದಕ್ಕೇ ಬಣ್ಣವನ್ನು ಸ್ಥಳದಲ್ಲೇ ಪುಟ್ಟ ಕಾಗದದ ಮೇಲೆ ಹಚ್ಚಿಕೊಂಡು ಬರಬೇಕು. ಫೋಟೊ ಆಕಾರಕ್ಕೆ ಮಾತ್ರ.

ಸ್ಟುಡಿಯೋದಲ್ಲಿ ಫೋಟೊ ಮೇಲೆ ಚೌಕಗೆರೆ ಎಳೆದು ಕ್ಯಾನ್ವಾಸಿಗೆ ಇಳಿಸ್ತಾರೆ. ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಕ್ಲೋದ್ ಮೊನೆಯ ಸ್ನೇಹಿತರಾಗಿದ್ದ ಅಮೆರಿಕದ ಕಲಾವಿದ ಥಿಯೊಡೋರ್ ರಾಬಿನ್ಸನ್ 1890ರ ಸುಮಾರಿಗೇ ಹೀಗೆ ಮಾಡ್ತಿದ್ದರು. ಕಳ್ಳತನವೇನಲ್ಲ ಬಿಡಿ!

ಇನ್ನು ಹಸಿರು. ಟ್ಯೂಬಿನಿಂದ ನೇರ ಹಚ್ಚಿದರೆ ಪ್ಲಾಸ್ಟಿಕ್ ಎಲೆ ಥರ ಕಾಣುತ್ತೆ. ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸಿ, ಬ್ರಶ್ಶಿನ ತುದಿಯಷ್ಟು ಬರ್ನ್ಟ್ ಸಿಯೆನಾ ಸೇರಿಸಿ. ಬಂತಲ್ಲ ಶೋಲಾ ಕಾಡು! ದೂರದ ಗುಡ್ಡಕ್ಕೆ ಬಿಳಿ, ಇನ್ನಷ್ಟು ನೀಲಿ. ಹಳದಿ ಜಾಸ್ತಿಯಾದರೆ ಗುಡ್ಡ ಮುಂದಕ್ಕೆ ಬಂದು ಕೂರುತ್ತೆ.